ಗಾಜಿನ ಪೆಟ್ಟಿಗೆಯೊಳಗೆ ಒಂದು ಸುರಂಗ

ನಮ್ಮ ಮನೆಗೆ ನೀರು ಬರುವುದು ಸುರಂಗದಿಂದ, ಅಂದರೆ ನೀರಿಗಾಗಿ ಗುಡ್ಡೆಯ ಒಳಗೆ ಅಡ್ಡಕ್ಕೆ ಕೊರೆದ ದಾರಿಯಿಂದ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡೆಯ ಬುಡದಲ್ಲಿ ಮನೆ. ಹಿಂದಿನ ಬರೆಯಲ್ಲಿ (ಕಡಿದಾದ ಮಣ್ಣಿನ ಗೋಡೆಯಲ್ಲಿ) ಒಬ್ಬರು ತಲೆ ತಗ್ಗಿಸಿ ಹೋಗುವಷ್ಟು ದೊಡ್ಡ ಒಂದು ಬಾಯಿ ಉಂಟು. ಅಲ್ಲಿಂದ ಹೊರಗೆ ಬರುವ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಟಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ.

ಮಗಳು ಏಳನೇ ಕ್ಲಾಸು. ಶಾಸ್ತ್ರಮೇಳಕ್ಕೆ (ಶಾಲೆಯ ಮಕ್ಕಳ ವಿಜ್ಞಾನ ಮೇಳ) ವರ್ಕಿಂಗ್ ಮಾಡೆಲ್ ಮಾಡಬೇಕು ಅಂತ ಟೀಚರು ಹೇಳಿದ್ದರು. ಮೊದಲು ಅವಳ ತಲೆಯಲ್ಲಿ ಇದ್ದದ್ದು ಜ್ವಾಲಾಮುಖಿ. ಒಂದು ದಿನ ಟಾಂಕಿಯ ಹತ್ತಿರ ಪಾತ್ರೆ ತೊಳೆಯುತ್ತಾ ಕೇಳಿದಳು: "ಅಮ್ಮಾ, ಮಳೆ ನವೆಂಬರಿಗೆ ಮುಗಿಯುತ್ತದೆ. ಮಾರ್ಚಿನಲ್ಲಿಯೂ ಇದರಲ್ಲಿ ನೀರು ಬರ್ತದಲ್ಲಾ, ಎಲ್ಲಿಂದ?"

"ಗುಡ್ಡೆಯ ಒಳಗಿಂದ" ಅಂದೆ.

"ಒಳಗೆ ಎಲ್ಲಿ? ಕೆರೆ ಉಂಟಾ?"

ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಜ್ವಾಲಾಮುಖಿ ಅಲ್ಲಿಗೆ ಮುಗಿಯಿತು. ಗುಡ್ಡೆಯನ್ನೇ ಸೀಳಿ ಒಳಗೆ ನೋಡುವ ಹಾಗೆ ಮಾಡೋಣ ಅಂತ ನಿಶ್ಚಯ ಮಾಡಿದೆವು. ಹಾಗೆ ಮಾಡಿದ ಕೆಲಸದ ಲೆಕ್ಕ ಇದು. ಎಲ್ಲಿ ತಪ್ಪಿತು ಅನ್ನುವುದನ್ನು ವಿವರವಾಗಿ ಬರೆದಿದ್ದೇನೆ. ಬೇರೆ ಯಾರಾದರೂ ಮಾಡುವುದಾದರೆ ಉಪಯೋಗ ಆಗಬೇಕು.

ಪೆಟ್ಟಿಗೆ

ಓಣಂ ರಜೆಯ ಎರಡನೇ ದಿನ ಕೆಲಸ ಶುರು. ಅಟ್ಟದಲ್ಲಿ ಎರಡು ಅಡಿ ಉದ್ದದ ಹಳೇ ಮೀನಿನ ಟ್ಯಾಂಕ್ ಇತ್ತು. ಅದಕ್ಕೇ ಕಲ್ಲುಮಣ್ಣು ತುಂಬಲು ಹೊರಟೆವು. ಅರ್ಧ ತುಂಬಿದಾಗಲೇ ಇಬ್ಬರಿಂದಲೂ ಅಲುಗಾಡಿಸಲು ಆಗಲಿಲ್ಲ. ಲೆಕ್ಕ ಹಾಕಿದರೆ ಪೂರ್ತಿ ತುಂಬಿದ ಮೇಲೆ 70 ಕಿಲೋ ದಾಟುತ್ತದೆ. ಶಾಲೆಗೆ ಹೇಗೆ ಒಯ್ಯುವುದು? ಎಲ್ಲ ಖಾಲಿ ಮಾಡಿದೆವು.

ಗುಡ್ಡೆಯ ದಪ್ಪ ತೋರಿಸಬೇಕಾಗಿಲ್ಲ, ಒಂದು ಹೋಳು ಸಾಕು ಅಂತ ಆಗ ಹೊಳೆಯಿತು. 60 ಸೆಂಟಿಮೀಟರ್ ಉದ್ದ, 40 ಎತ್ತರ, ದಪ್ಪ ಬರೇ 12. ಹಳೇ ಶೋಕೇಸಿನ ಬಾಗಿಲಿನ ಗಾಜು ಇತ್ತು, 5 ಮಿಲಿಮೀಟರ್ ದಪ್ಪದ್ದು. ಅದನ್ನು ಅಂಗಡಿಯಲ್ಲಿ ಅಳತೆಗೆ ಕೊಯ್ಯಿಸಿದೆ. ಹಿಂದೆ, ಬದಿಗೆ, ಅಡಿಗೆ ಪ್ಲೈವುಡ್. ಗಾಜಿನ ಅಂಚನ್ನು ಮರಳುಕಾಗದದಿಂದ ಉಜ್ಜಿದ್ದು ನಾನು. ಸಂದುಗಳಿಗೆ ಸಿಲಿಕೋನ್ ಹಾಕಿದ್ದು ಅವಳು. ಗೆರೆ ವಕ್ರ ಆಯಿತು. ತಿದ್ದಲು ನನ್ನ ಕೈ ಹೋದದ್ದೇ ತಡ, "ನಾನೇ ಮಾಡ್ತೇನೆ ಅಮ್ಮಾ" ಅಂದಳು. ಅಲ್ಲಿಂದ ಮುಂದೆ ನಮ್ಮಲ್ಲಿ ಒಂದು ಮಾತಾಯಿತು. ಗಾಜು, ಗರಗಸ, ಡ್ರಿಲ್ ನನ್ನದು. ಉಳಿದದ್ದೆಲ್ಲ ಅವಳದ್ದು. ಅವಳು ಕೇಳದೆ ನಾನು ಕೈ ಹಾಕಬಾರದು.

ಮರುದಿನ ರಾತ್ರಿ ನೀರು ಹಾಕಿ ನೋಡಿದೆವು. ಅಡಿಯ ಮೂಲೆಯಿಂದ ಸೋರಿ ಚಾವಡಿ ಪೂರ್ತಿ ಒದ್ದೆ. ಗೆರೆ ವಕ್ರ ಆದದ್ದಕ್ಕೆ ಅಲ್ಲ. ಮಳೆಗಾಲದ ಥಂಡಿಗೆ ಪ್ಲೈವುಡ್ ಒಳಗೆ ಪಸೆ ಇತ್ತು, ಸಿಲಿಕೋನ್ ಹಿಡಿಯಲೇ ಇಲ್ಲ. ಎಲ್ಲ ಕಿತ್ತು, ಹಲಗೆಗಳನ್ನು ಎರಡು ದಿನ ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಪಕ್ಕ ಇಟ್ಟು ಒಣಗಿಸಿ, ಪೈಂಟ್ ಹೊಡೆದು, ಮತ್ತೆ ಅಂಟಿಸಿದೆವು. ಒಂದು ದಿನ ಪೂರ್ತಿ ಮುಟ್ಟಲಿಲ್ಲ. ಮತ್ತೆ ಸೋರಲಿಲ್ಲ.

ಸುರಂಗ

ಇಲ್ಲಿ ಅಜ್ಜನ ಸಹಾಯ ಬೇಕಾಯಿತು. ನನ್ನ ಮಾವ ಪ್ರಾಯದಲ್ಲಿ ಸುರಂಗ ಕೊರೆದವರು. ಅವರು ಕೋಲಿನ ಲೆಕ್ಕದಲ್ಲೇ ಮಾತಾಡುವುದು. ನಮ್ಮ ಸುರಂಗ 40 ಕೋಲು. ಒಂದು ಕೋಲು ಅಂದರೆ ಸುಮಾರು 72 ಸೆಂಟಿಮೀಟರ್. ಹಾಗಾಗಿ 29 ಮೀಟರ್ ಹತ್ತಿರ. ಒಬ್ಬರು ಮುಂದೆ ಕೂತು ಪಿಕ್ಕಾಸಿನಿಂದ ಕಡಿಯುವುದು, ಇನ್ನೊಬ್ಬರು ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕುವುದು. ಬೆಳಕಿಗೆ ಮೇಣದ ಬತ್ತಿ. ಬತ್ತಿ ನಂದಿದರೆ ಒಳಗೆ ಗಾಳಿ ಸಾಲದು ಅಂತ ಅರ್ಥ, ತಕ್ಷಣ ಹೊರಗೆ ಬರಬೇಕು. ಇದನ್ನೆಲ್ಲ ಅವಳು ಪುಸ್ತಕದಲ್ಲಿ ಬರೆದುಕೊಂಡಳು.

ಪೆಟ್ಟಿಗೆಯಲ್ಲಿ ಸುರಂಗಕ್ಕೆ 45 ಸೆಂಟಿಮೀಟರ್ ಜಾಗ ಇತ್ತು. 29 ಮೀಟರನ್ನು ಅದಕ್ಕೆ ಇಳಿಸಿದರೆ 64ರಲ್ಲಿ ಒಂದು ಪಾಲು. ನಿಜವಾದ ಸುರಂಗದ ಎತ್ತರ ಸುಮಾರು 1.8 ಮೀಟರ್. ಅದನ್ನೂ 64ರಿಂದ ಭಾಗಿಸಿದಳು. 2.8 ಸೆಂಟಿಮೀಟರ್ ಬಂತು. ಮನೆಯಲ್ಲಿ ಬಿದ್ದಿದ್ದ 32 ಮಿಲಿಮೀಟರ್ ಪಿವಿಸಿ ಪೈಪಿನ ಒಳಗಿನ ಅಳತೆ ಹೆಚ್ಚುಕಮ್ಮಿ ಅಷ್ಟೇ! ಅವಳ ಮುಖ ನೋಡಬೇಕಿತ್ತು ಆಗ.

ಇಡೀ ಪೈಪು ಇಟ್ಟರೆ ಒಳಗೆ ನಡೆಯುವುದು ಕಾಣುವುದಿಲ್ಲ. ಹಾಗಾಗಿ ಹ್ಯಾಕ್‌ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಂದು ಹೋಳನ್ನು, ತೆರೆದ ಬದಿ ಗಾಜಿಗೆ ಬರುವಂತೆ, ಅಂಟಿಸಿದೆವು. ಈಗ ಹೊರಗೆ ನಿಂತು ಸುರಂಗದ ಒಳಗೆ ನೋಡಬಹುದು. ತೂತುಗಳನ್ನು 3 ಮಿಲಿಮೀಟರ್ ಡ್ರಿಲ್ಲಿನಿಂದ ಕೊರೆದೆ. ಮೊಳೆ ಬಿಸಿ ಮಾಡಿ ಚುಚ್ಚುವುದು ಸುಲಭ ಅಂತ ಕಾಣಬಹುದು. ಹಾಗೆ ಮಾಡಬೇಡಿ, ಪಿವಿಸಿ ಸುಟ್ಟ ಹೊಗೆ ಮಕ್ಕಳ ಮೂಗಿಗೆ ಹೋಗಬಾರದು.

ಮೊದಲು ಮೇಲ್ಗಡೆ ಮಾತ್ರ ತೂತು ಹಾಕಿದ್ದೆವು. ನೀರು ಮೇಲಿಂದ ತೊಟ್ಟಿಕ್ಕುತ್ತದೆ ಅಂತ ನಮ್ಮ ಲೆಕ್ಕ. ಮಾವ ನೋಡಿ ತಲೆ ಆಡಿಸಿದರು. "ಮೇಲಿಂದ ಬೀಳುವುದು ಕಡಿಮೆ ಮಗಾ. ಬುಡದಲ್ಲಿ, ಬದಿಯಲ್ಲಿ ಒಸರುವುದು ಜಾಸ್ತಿ. ಟಾರ್ಚ್ ತೆಗೆದುಕೊಂಡು ಒಳಗೆ ಹೋಗಿ ನೋಡು."

ನಾವು ಮೂವರೂ ಹೋದೆವು. ಅವರು ಹೇಳಿದ ಹಾಗೆಯೇ. ನೆಲದಿಂದ ಒಂದು ಗೇಣು ಎತ್ತರದವರೆಗೆ ಗೋಡೆ ಹೊಳೆಯುತ್ತಿತ್ತು. ತುತ್ತತುದಿಯಲ್ಲಿ ಕೆಂಪು ಕಲ್ಲಿನ ಕೆಳಗೆ ಬಿಳಿ ಜೇಡಿ ಕಾಣುತ್ತಿತ್ತು. ಆ ಎರಡರ ಸಂದಿನಿಂದ ನೀರು ಒಸರುತ್ತಿತ್ತು. ಮಳೆನೀರು ಕಲ್ಲಿನಲ್ಲಿ ಇಳಿದು, ಜೇಡಿಯನ್ನು ದಾಟಲಾಗದೆ, ಅದರ ಮೇಲೆ ನಿಂತು, ದಾರಿ ಸಿಕ್ಕಿದಲ್ಲಿ ಹೊರಗೆ ಬರುತ್ತದೆ. ಗುಡ್ಡೆಯ ಒಳಗೆ ಕೆರೆ ಇಲ್ಲ. ಕಲ್ಲಿನ ಸಂದು ಸಂದುಗಳಲ್ಲೇ ನೀರು. ಅವಳ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಬಂದು ಕೆಳಬದಿಗೆ ಎರಡು ಸಾಲು ತೂತು ಹೆಚ್ಚು ಮಾಡಿದೆವು.

ಗುಡ್ಡೆ

ಪೂರ್ತಿ ಕಷ್ಟ ಇದ್ದದ್ದು ಇಲ್ಲಿ. ಬೇರೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಇದೇ, ಎರಡು ವಾರ.

ಅಡಿಯಲ್ಲಿ ಜೇಡಿಮಣ್ಣು. ಚಪಾತಿ ಹಿಟ್ಟಿನಷ್ಟು ನಾದಿ ಹಾಸಿದಳು. ಹಿಂದಿನ ತುದಿಯಲ್ಲಿ 6 ಸೆಂಟಿಮೀಟರ್, ಬಾಯಿಯ ಹತ್ತಿರ 4. ಆ ಇಳಿಜಾರು ಇಲ್ಲದಿದ್ದರೆ ನೀರು ಹಿಂದೆಯೇ ನಿಲ್ಲುತ್ತದೆ. ಅದರ ಮೇಲೆ ಸುರಂಗ. ಅದರ ಮೇಲೆ ಗುಡ್ಡೆ, ಹಿಂದೆ 32 ಸೆಂಟಿಮೀಟರ್ ಎತ್ತರದಿಂದ ಮುಂದೆ 14ಕ್ಕೆ ಇಳಿಯುವ ಹಾಗೆ.

ಮೊದಲನೇ ಸಲ ಮುರಕಲ್ಲನ್ನು (ಗುಡ್ಡೆಯ ಕೆಂಪು ಕಲ್ಲನ್ನು) ಸುತ್ತಿಗೆಯಿಂದ ಒಡೆದು ಅಡಿಕೆ ಗಾತ್ರದ ತುಂಡುಗಳನ್ನೇ ತುಂಬಿದೆವು. ಒಂದು ಲೀಟರ್ ನೀರು ಹೊಯ್ದಳು. 40 ಸೆಕೆಂಡಿನಲ್ಲಿ ಸುರಂಗದಿಂದ ಹರಿದು ಬಂತು. ನನಗೆ ಖುಷಿ ಆಯಿತು. ಅವಳಿಗೆ ಆಗಲಿಲ್ಲ.

"ಇದು ಮಾರ್ಚಿನವರೆಗೆ ನಿಲ್ಲುದಿಲ್ಲ ಅಮ್ಮಾ."

ಸರಿಯಾದ ಮಾತು. ನೀರು ಬರಿಸುವುದು ನಮ್ಮ ಕೆಲಸ ಅಲ್ಲ. ತಡವಾಗಿ ಬರಿಸುವುದು ನಮ್ಮ ಕೆಲಸ. ಮುಂದೆ ಏನೇ ಮಾಡಿದರೂ ಈ ಒಂದು ಮಾತಿನಿಂದಲೇ ಅಳೆದು ನೋಡಿದೆವು.

ಎರಡನೇ ಸಲ ಜರಡಿ ಹಿಡಿದ ಕೆಂಪುಮಣ್ಣು ಮಾತ್ರ. ನೀರು ಒಳಗೇ ಇಳಿಯಲಿಲ್ಲ. ಮೇಲೆ ನಿಂತಿತು, ಇಳಿಜಾರಿನಲ್ಲಿ ಜಾರಿ ಮುಂದೆ ಬಂತು, ಹೋಗುವಾಗ ಗುಡ್ಡೆಯ ಅಂಚನ್ನೇ ಕೊಚ್ಚಿಕೊಂಡು ಹೋಯಿತು. ಮೂರನೇ ಸಲ ಎರಡನ್ನೂ ಬೆರೆಸಿದೆವು. ಮೂರು ಪಾಲು ಒಡೆದ ಕಲ್ಲು, ಕಡಲೆ ಗಾತ್ರದಿಂದ ಅಡಿಕೆ ಗಾತ್ರದವರೆಗೆ. ಒಂದು ಪಾಲು ಜರಡಿ ಹಿಡಿದ ಮಣ್ಣು. ಕಲ್ಲನ್ನು ಮೊದಲು ತೊಳೆದು ಹುಡಿ ತೆಗೆದೆವು. ಇದು ಸರಿ ಇತ್ತು. ಆದರೂ ಎರಡೇ ನಿಮಿಷದಲ್ಲಿ ನೀರು ಹೊರಗೆ ಬಂತು.

ಏನು ತಪ್ಪು ಅಂತ ಎರಡು ದಿನ ಗೊತ್ತಾಗಲಿಲ್ಲ. ಕೊನೆಗೆ ಅವಳೇ ಕಂಡುಹಿಡಿದದ್ದು. ಬಟ್ಟೆಗೆ ಹಾಕುವ ನೀಲಿ ಸ್ವಲ್ಪ ನೀರಿಗೆ ಬೆರೆಸಿ ಹೊಯ್ದು, ಮೂಗು ಗಾಜಿಗೆ ತಾಗಿಸಿ ಕೂತಳು. ನೀಲಿ ಬಣ್ಣ ಕಲ್ಲಿನ ಒಳಗೆ ಹೋಗುತ್ತಲೇ ಇರಲಿಲ್ಲ! ಗಾಜು ನುಣುಪು, ಮಣ್ಣು ಅದಕ್ಕೆ ಸರಿಯಾಗಿ ಅಂಟಿಕೊಂಡಿರಲಿಲ್ಲ. ನೀರಿಗೆ ಆ ಸಂದು ಹೆದ್ದಾರಿ ಆಗಿತ್ತು. ಗುಡ್ಡೆಗೆ ಇಳಿಯುವ ಬದಲು ಗಾಜಿನ ಬದಿಯಿಂದ ನೇರ ಸುರಂಗಕ್ಕೆ.

ಪರಿಹಾರ ಹೀಗೆ. ಹಿಂದಿನ ಮತ್ತು ಬದಿಯ ಹಲಗೆಗಳಿಗೆ ತೆಳ್ಳಗೆ ಸಿಲಿಕೋನ್ ಸವರಿ, ಒಣಗುವ ಮೊದಲು ಮರಳು ಚಿಮುಕಿಸಿದೆವು. ಗೋಡೆ ದೊರಗಾಯಿತು. ಗಾಜಿಗೆ ಮರಳು ಹಾಕಿದರೆ ಕಾಣುವುದಿಲ್ಲ. ಅದಕ್ಕೆ ಬಣ್ಣ ಇಲ್ಲದ ಸಿಲಿಕೋನಿನಿಂದ ಅಡ್ಡಕ್ಕೆ ಸಣ್ಣ ಗೆರೆಗಳನ್ನು, ಮೂರು ಮೂರು ಸೆಂಟಿಮೀಟರಿಗೆ ಒಂದರಂತೆ, ಎಳೆದಳು. ಗಾಜಿನಲ್ಲಿ ಜಾರಿ ಬರುವ ನೀರನ್ನು ಪ್ರತಿ ಗೆರೆಯೂ ತಡೆದು ಒಳಗೆ ತಳ್ಳುತ್ತದೆ. ಮಣ್ಣನ್ನು ಒಣಗಿದ್ದಾಗ ಸುರಿಯದೆ, ಸ್ವಲ್ಪ ನೀರು ಚಿಮುಕಿಸಿ, ಮೂರು ಸೆಂಟಿಮೀಟರ್ ಹಾಕಿ ಅದುಮಿ, ಮತ್ತೆ ಮೂರು ಹಾಕಿ ಅದುಮಿ ತುಂಬಿದೆವು. ಅದುಮಲು ಬಳಸಿದ್ದು ಮಜ್ಜಿಗೆ ಕಡೆಯುವ ಕಡೆಗೋಲಿನ ಹಿಡಿ. ಸುರಂಗದ ಹೊರಗೆ ಹಳೇ ಪಂಚೆಯ ಎರಡು ಪದರ, ಅದರ ಮೇಲೆ ತೆಂಗಿನ ನಾರು. ಸೊಳ್ಳೆಪರದೆಯನ್ನೂ ನೋಡಿದ್ದೆವು, ಕೆಸರು ತಡೆಯಲಿಲ್ಲ.

ಮತ್ತೆ ಆ ದಿನ

ಇಷ್ಟೆಲ್ಲ ಮಾಡಿ ಒಂದೆರಡು ದಿನ ಬಿಟ್ಟು, ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲೆ, ಶನಿವಾರ ಬೆಳಿಗ್ಗೆ ಮಳೆ ಬರಿಸಲು ಕೂತೆವು. ಮಳೆಗೆ ಮೆಡಿಕಲ್ ಶಾಪಿನ ಡ್ರಿಪ್ ಸೆಟ್ ತಂದಿದ್ದೆ. ಅದರ ಚಕ್ರ ತಿರುಗಿಸಿದರೆ ಜಡಿಮಳೆ, ಜಿಟಿಜಿಟಿ ಮಳೆ ಎರಡೂ ಆಗುತ್ತದೆ. ನೀರು ಒಂದೇ ಕಡೆ ಬೀಳದಂತೆ ಕೆಳಗೆ ಸೂಜಿಯಿಂದ ಚುಚ್ಚಿದ ಪ್ಲಾಸ್ಟಿಕ್ ಡಬ್ಬದ ಮುಚ್ಚಳ.

ಒಂದು ಲೀಟರ್ ಹೋಯಿತು. ಏನೂ ಬರಲಿಲ್ಲ. ಎರಡು ಲೀಟರ್. ಬರಲಿಲ್ಲ. ಮೂರು ಲೀಟರ್ ಹೋದರೂ ಸುರಂಗ ಒಣಗಿಯೇ ಇತ್ತು. ಗಾಜಿನಿಂದ ನೋಡಿದರೆ ಮಣ್ಣು ಕಪ್ಪಾಗಿ ಒದ್ದೆಯಾಗಿದೆ, ಸುರಂಗದ ಸುತ್ತಲೂ ಒದ್ದೆ, ಆದರೆ ಒಂದು ಹನಿ ಒಳಗೆ ಬೀಳುವುದಿಲ್ಲ. ಅವಳ ಕಣ್ಣು ತುಂಬಿತು. "ಎಲ್ಲ ಹಾಳಾಯ್ತು, ತೂತು ಮುಚ್ಚಿಹೋಗಿದೆ" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಪೂರ್ತಿ ಕಿತ್ತು ಮತ್ತೆ ಮಾಡಬೇಕಾ ಅಂತ ಎದೆ ಭಾರ ಆಯಿತು.

ಮಾವ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. "ನಮ್ಮ ಸುರಂಗದಲ್ಲಿ ನೀರು ಏರುವುದು ಯಾವಾಗ?" ಅಂತ ಕೇಳಿದರು. ಮಗಳಿಗೆ ಗೊತ್ತಿತ್ತು. ಮಳೆ ಜೂನಿನಲ್ಲಿ ಶುರುವಾದರೂ ಸುರಂಗ ಜೋರಾಗುವುದು ಆಟಿಯ (ಜುಲೈ-ಆಗಸ್ಟ್) ಹೊತ್ತಿಗೆ. "ಮತ್ತೆ? ಗುಡ್ಡೆಗೂ ಹೊಟ್ಟೆ ತುಂಬಬೇಕಲ್ಲ" ಅಂದರು.

ಅಡುಗೆಮನೆಯಿಂದ ಪಾತ್ರೆ ತೊಳೆಯುವ ಒಣ ಸ್ಪಂಜು ತಂದು ಬಟ್ಟಲಿನ ಮೇಲೆ ಹಿಡಿದೆವು. ಚಮಚದಿಂದ ನೀರು ಹಾಕುತ್ತಾ ಹೋದಳು. ಹತ್ತು ಚಮಚದವರೆಗೆ ಕೆಳಗೆ ಏನೂ ಬೀಳಲಿಲ್ಲ. ಮತ್ತೆ ಹಾಕಿದ ಹಾಗೆ ಹನಿ ಶುರು. ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅವು ತುಂಬುವವರೆಗೆ ಸುರಂಗದಂಥ ದೊಡ್ಡ ಖಾಲಿ ಜಾಗಕ್ಕೆ ಬಿಟ್ಟುಕೊಡುವುದಿಲ್ಲ. ಮಣ್ಣು ಒದ್ದೆಯಾಗಿದ್ದರೆ ಸಾಲದು, ತುಂಬಬೇಕು.

ನಾಲ್ಕನೇ ಲೀಟರಿನ ನಡುವೆ, ಹನ್ನೊಂದೂವರೆಗೆ, ಸುರಂಗದ ಹಿಂದಿನ ತುದಿಯಲ್ಲಿ ಒಂದು ಹನಿ ಮೂಡಿತು. ನೆಲದಲ್ಲಿ ನಿಧಾನಕ್ಕೆ ಸರಿದು ಬಾಯಿಗೆ ಬಂತು. ಓಟೆ ಬಿದಿರು ಸೀಳಿ ಅವಳು ಮಾಡಿದ ಪುಟ್ಟ ದಂಬೆಯಲ್ಲಿ ಇಳಿದು ಕೆಳಗಿನ ಬಟ್ಟಲಿಗೆ ಬಿತ್ತು. ಟಪ್. ಮನೆಯವರೆಲ್ಲ ಬಂದು ನೋಡಿದರು.

ಆರು ಲೀಟರಿಗೆ ಮಳೆ ನಿಲ್ಲಿಸಿದೆವು. ಅವಳು ಬರೆದಿಟ್ಟ ಲೆಕ್ಕ: ಮಳೆ ನಿಂತ ಮೇಲೆ ಮೊದಲ ಗಂಟೆಯಲ್ಲಿ ಬಂದದ್ದು 900 ಮಿಲಿಲೀಟರ್. ಎರಡನೇ ಗಂಟೆ 380. ಮೂರನೇ ಗಂಟೆ 210. ಅಲ್ಲಿಂದ ಮುಂದಿನ 12 ಗಂಟೆಗೆ ಒಟ್ಟು 520. ಮೊದಲ ಅರ್ಧ ಲೀಟರ್ ಕೆಂಪು, ಆಮೇಲೆ ತಿಳಿ. ಬೆಳಿಗ್ಗೆ ಎದ್ದು ಹಲ್ಲು ಉಜ್ಜುವ ಮೊದಲೇ ಓಡಿ ಹೋಗಿ ನೋಡಿದಳು. ಅರ್ಧ ನಿಮಿಷಕ್ಕೆ ಒಂದು ಹನಿ ಬೀಳುತ್ತಲೇ ಇತ್ತು.  ಮಳೆ ನಿಂತ ಮೇಲೆ ಬಂದದ್ದು ಒಟ್ಟು 2010 ಮಿಲಿಲೀಟರ್. ಮಳೆ ಬರುವಾಗಲೇ ಹೊರಗೆ ಬಂದದ್ದನ್ನು ಬಿಟ್ಟರೆ ಉಳಿದದ್ದೆಲ್ಲ ಗುಡ್ಡೆಯೊಳಗೇ ಉಂಟು.

ಬೋರ್‌ವೆಲ್

ಇದು ನಾನು ಯೋಚಿಸಿದ್ದಲ್ಲ, ಅವಳದ್ದೇ. ಡ್ರಿಪ್ ಸೆಟ್ಟಿನ ಉಳಿದ ನಳಿಕೆಯನ್ನು ಗುಡ್ಡೆಯ ಮೇಲಿಂದ ಜೇಡಿಯ ಹತ್ತಿರದವರೆಗೆ ಇಳಿಸಿ, ಮೇಲೆ 20 ಮಿಲಿಲೀಟರ್ ಸಿರಿಂಜ್ ಸಿಕ್ಕಿಸಿದಳು. ನಳಿಕೆಯ ತುದಿಗೆ ಬಟ್ಟೆಯ ಚೂರು ಕಟ್ಟಬೇಕು, ಇಲ್ಲದಿದ್ದರೆ ಮಣ್ಣು ಕಚ್ಚುತ್ತದೆ. ಮಳೆ ಆದ ಮೇಲೆ ನಾಲ್ಕು ಸೆಕೆಂಡಿಗೆ ಒಂದು ಹನಿ ಬೀಳುವಾಗ ಸಿರಿಂಜಿನಿಂದ ಎಳೆಯತೊಡಗಿದಳು. ಹತ್ತು ಸಲ ಎಳೆದಾಗ ಹನ್ನೊಂದು ಸೆಕೆಂಡಿಗೆ ಒಂದು ಹನಿ. ಇನ್ನೂ ಎಳೆದಾಗ ನಿಂತೇ ಹೋಯಿತು. ಮಾವ ಇದನ್ನು ನೋಡಿ ತುಂಬ ಹೊತ್ತು ಮಾತಾಡಲಿಲ್ಲ. ಇನ್ನೊಂದು ಸಲ ಮಾಡು ಅಂತ ಹೇಳಿ ಮತ್ತೆ ನೋಡಿದರು.

ಮೇಳಕ್ಕೆ ಮಾಡಿದ ಚಾರ್ಟಿನಲ್ಲಿ ಕಲ್ಲಿಗೆ ಮೂರು ಹೆಸರು ಬರೆದಳು: ನಮ್ಮ ಮುರಕಲ್ಲು, ಮಲಯಾಳದ ಚೆಂಕಲ್ಲ್, ಪುಸ್ತಕದ ಲ್ಯಾಟರೈಟ್. ಈ ಮೂರನೇ ಹೆಸರು ಕೊಟ್ಟವರು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. ಮಲಪ್ಪುರದ ಅಂಗಡಿಪ್ಪುರಂನಲ್ಲಿ ಇದನ್ನು ಇಟ್ಟಿಗೆಯ ಹಾಗೆ ಕಡಿಯುವುದು ನೋಡಿ, 1807ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಆ ಹೆಸರು ಬಳಸಿದರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಮಾತಿನಿಂದ ಬಂದದ್ದು ಅದು. ಪೆರ್ಲದಿಂದ ಗಡಿ ದಾಟಿದರೆ ಸಿಗುವ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಬಗ್ಗೆಯೂ ನಾಲ್ಕು ಸಾಲು ಬರೆದಳು. ಒಬ್ಬರೇ ಕೊರೆದ ಸುರಂಗಗಳು ಒಂದರ ಮೇಲೊಂದು ಬರಡಾದರೂ ಬಿಡದೆ ನೀರು ತಂದವರು ಅವರು. 2022ರಲ್ಲಿ ಪದ್ಮಶ್ರೀ ಬಂತು. ಮೂರು ಲೀಟರ್ ಹೋದರೂ ಹನಿ ಬಾರದ ಆ ಶನಿವಾರ ಆದಮೇಲೆ, ಆ ನಾಲ್ಕು ಸಾಲನ್ನು ಅವಳು ದೊಡ್ಡ ಅಕ್ಷರದಲ್ಲಿ ಬರೆದಳು.

ಚಾರ್ಟಿನ ಕೊನೆಗೆ, "ಸುರಂಗದ ಅಳತೆ 64ರಲ್ಲಿ ಒಂದು. ಕಲ್ಲಿನ ಸಂದುಗಳ ಅಳತೆ ಹಾಗಲ್ಲ. ಅದಕ್ಕೆ ಇಲ್ಲಿ ದಿನ ಅಂದರೆ ಅಲ್ಲಿ ತಿಂಗಳು ಅಂತ ಲೆಕ್ಕ ಹಾಕಬಾರದು" ಅಂತ ತಾನೇ ಸೇರಿಸಿದಳು. ಅದನ್ನು ಓದಿ ನನಗೆ ಬಹಳ ಸಂತೋಷ ಆಯಿತು.

ಮೇಳದ ದಿನ

ಬೆಳಿಗ್ಗೆ ಅಲ್ಲಿಗೆ ಹೋಗಿ ಮಳೆ ಬರಿಸಿದರೆ ಹನಿ ಬೀಳುವಾಗ ಮಧ್ಯಾಹ್ನ ಆಗುತ್ತದೆ. ಅದಕ್ಕೆ ಹಿಂದಿನ ರಾತ್ರಿಯೇ ಮಳೆ ಬರಿಸಿ, ಸುರಂಗದ ಬಾಯಿಗೆ ಬಾಳೆದಿಂಡಿನ ಬೆಣೆ ಹೊಡೆದೆವು. ರಿಕ್ಷಾದಲ್ಲಿ ಹಿಂದಿನ ಸೀಟಿಗೆ ಪೆಟ್ಟಿಗೆ. 35 ಕಿಲೋ ಹತ್ತಿರ ಇತ್ತು. ಒಂದು ಬದಿಯಲ್ಲಿ ನಾನು, ಇನ್ನೊಂದು ಬದಿಯಲ್ಲಿ ಅವಳು ಹಿಡಿದುಕೊಂಡೆವು. ದಾರಿಯ ಹೊಂಡಗಳಿಗೆ ಕುಲುಕಿ ಗುಡ್ಡೆ ಒಂದು ಬೆರಳು ತಗ್ಗಿತ್ತು, ಗಾಜಿನ ಪಕ್ಕ ಸೀಳು ಬಿಟ್ಟಿತ್ತು. ತಾಯಿ ತಂದೆಯರಿಗೆ ಒಳಗೆ ಪ್ರವೇಶ ಇಲ್ಲ. ಡಬ್ಬದಲ್ಲಿ ಸ್ವಲ್ಪ ಹಸಿ ಮಣ್ಣು ಕೊಟ್ಟು ಕಳಿಸಿದ್ದೆ. ಸೀಳಿಗೆ ಅದನ್ನು ಅದುಮಿ ಅವಳೇ ಸರಿ ಮಾಡಿಕೊಂಡಳು.

ನೋಡಲು ಬಂದ ಮಾಷ್ಟ್ರು ಮಲಯಾಳದಲ್ಲಿ ಕೇಳಿದರಂತೆ: ನೀರು ಬೀಳುತ್ತಾ ಉಂಟಲ್ಲ, ಮೇಲೆ ನೀರು ಹಾಕುವುದು ಕಾಣುವುದಿಲ್ಲ, ಒಳಗೆ ಪೈಪ್ ಇಟ್ಟಿದ್ದೀಯಾ?

"ಇಲ್ಲ ಸಾರ್. ಇದು ನಿನ್ನೆ ರಾತ್ರಿಯ ಮಳೆ" ಅಂದಳಂತೆ.

ಅವರು ಬಗ್ಗಿ, ಗಾಜಿಗೆ ಕಣ್ಣು ಹತ್ತಿರ ತಂದು, ಒಂದು ಹನಿ ಹಿಂದಿನ ತುದಿಯಿಂದ ಬಾಯಿಗೆ ಬರುವವರೆಗೆ ನೋಡಿದರಂತೆ. ಎ ಗ್ರೇಡ್ ಸಿಕ್ಕಿತು. ಜಿಲ್ಲೆಗೆ ಹೋಗಲು ಮೊದಲ ಸ್ಥಾನ ಬೇಕಿತ್ತು, ಅದು ಬೇರೆಯವರಿಗೆ ಹೋಯಿತು. ಅವರ ಮಾಡೆಲ್ ಬಹಳ ಚೆನ್ನಾಗಿತ್ತು ಅಂತ ಬಂದು ಹೇಳಿದಳು.

ಪೆಟ್ಟಿಗೆ ಈಗ ಜಗಲಿಯಲ್ಲಿ ಉಂಟು. ಅಡಿಯ ಪ್ಲೈವುಡ್ ಉಬ್ಬಿದೆ. ಇನ್ನೊಂದು ಸಲ ಮಾಡುವುದಾದರೆ ಅಡಿಗೂ ಗಾಜೇ ಹಾಕಬೇಕು.

ಅವಳು ಈಗ ನಿಜವಾದ ಸುರಂಗವನ್ನೇ ಅಳೆಯಲು ಶುರು ಮಾಡಿದ್ದಾಳೆ. ಪ್ರತಿ ಭಾನುವಾರ ದಂಬೆಯ ಕೆಳಗೆ 10 ಲೀಟರ್ ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತು ಅಂತ ಬರೆಯುತ್ತಾಳೆ. ಮೊದಲನೇ ವಾರ 52 ಸೆಕೆಂಡ್. ಎರಡನೇ ವಾರ 55. ಮೊನ್ನೆ ರಾತ್ರಿ ಗುಡುಗು ಮಳೆ ಬಂದಿತ್ತು, ನೀರು ಜಾಸ್ತಿ ಆಗಿರಬಹುದು ಅಂದುಕೊಂಡು ಹೋದಳು. 58. ಮಳೆ ಇನ್ನೂ ಒಳಗೆ ತಲುಪಿಲ್ಲ ಅಂತ ಪುಸ್ತಕದಲ್ಲಿ ಬರೆದಿದ್ದಾಳೆ. ಮುಂದಿನ ಭಾನುವಾರಕ್ಕೆ ಕಾಯುತ್ತಿದ್ದೇವೆ.